ಪುಸ್ತಕ ಬರೆದವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಕುಡುಮಲಕುಂಟೆಯ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂತೋಷದ ದಿನ ಪ್ರೌಢಶಾಲೆಯ ವೇದಿಕೆ ಮೇಲೆ ನಿಂತು ನಾನು ಒಂದು, ಎರಡು, ಮೂರನೇ ತರಗತಿಯ ಮಕ್ಕಳ ಮಾತನ್ನು ಆಡಲಿದ್ದೇನೆ. ಕಾರಣವಿದೆ. ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಬಂದ ಹುಡುಗನ ಕೈಗೆ ವಿಜ್ಞಾನದ ಪುಸ್ತಕ ಕೊಟ್ಟು ಓದಿಸಿದಾಗ ಅವನು ಅಕ್ಷರ ಅಕ್ಷರ ಕೂಡಿಸಿ ಓದುವುದನ್ನು ಇಲ್ಲಿನ ಗುರುಗಳು ಕಂಡಿದ್ದಾರೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಸಾಲಿನ ಮೊದಲು ಏನಿತ್ತೆಂಬುದು ಅವನಿಗೆ ಮರೆತಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಾವು ಹತ್ತನೇ ತರಗತಿಯ ಬಗ್ಗೆ ಚರ್ಚೆ ಮಾಡುತ್ತೇವೆ. ಬೆಳೆ ಕೆಟ್ಟದ್ದು ಕೊಯ್ಲಿನಲ್ಲಿ ಕಾಣುತ್ತದೆ, ಆದರೆ ಬಿತ್ತನೆ ಬಹಳ ಹಿಂದೆಯೇ ಆಗಿರುತ್ತದೆ.

ಹಿರಿಯರಿಗೆ ಮೊದಲು ಒಂದು ಪ್ರಶ್ನೆ. ಇಲ್ಲಿ ಚಂದಮಾಮ ಓದಿದವರು ಎಷ್ಟು ಜನ? ಬಹಳ ಕೈಗಳು ಕಾಣುತ್ತಿವೆ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆದು ಬರುವ ವಿಕ್ರಮ ರಾಜ. ಆ ಚಿತ್ರ ಕಣ್ಣಿಗೆ ಕಟ್ಟಿದೆಯಲ್ಲವೇ? ಅದನ್ನು ಬಿಡಿಸಿದವರು ಯಾರು? ಈಗ ಕೈಗಳು ಇಳಿದವು. ಅವರ ಹೆಸರು ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1924ರಲ್ಲಿ ಹುಟ್ಟಿ 2020ರವರೆಗೆ ಬದುಕಿದ್ದರು. 1947ರಲ್ಲಿ ಚಂದಮಾಮ ಮೊದಲು ತೆಲುಗು ಮತ್ತು ತಮಿಳಿನಲ್ಲಿ ಬಂತು, ಆಮೇಲೆ ಕನ್ನಡದಲ್ಲಿ. ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆ ಒಂದು ಮನೆಗೆ ತೆಲುಗಿನದು, ಪಕ್ಕದ ಮನೆಗೆ ಕನ್ನಡದ್ದು ಬಂದರೂ ಒಳಗಿನ ಚಿತ್ರ ಒಂದೇ. ಅಷ್ಟು ವರ್ಷ ನಮ್ಮ ಮನಸ್ಸು ತುಂಬಿದ ಮನುಷ್ಯನ ಹೆಸರನ್ನು ನಾವು ಕೇಳಲೇ ಇಲ್ಲ.

ಲೇಖಕರ ಬಗ್ಗೆ ನಾವು ಓದಿದ್ದೇವೆ, ನಿಜ. 'ಕವಿಯ ಸ್ಥಳ, ಕಾಲ, ಕೃತಿಗಳು, ಪ್ರಶಸ್ತಿ' ಎಂದು ಬಾಯಿಪಾಠ ಮಾಡಿದ್ದೇವೆ, ಅಂಕ ತೆಗೆದುಕೊಂಡಿದ್ದೇವೆ. ಪರೀಕ್ಷೆ ಮುಗಿದ ಮರುದಿನ ಆ ಕವಿ ನಮ್ಮ ಪಾಲಿಗೆ ಇಲ್ಲ. ನಾನು ಹೇಳುವ ಕೆಲಸ ಬೇರೆ. ಆರೇಳು ವರ್ಷದ ಮಕ್ಕಳ ಮುಂದೆ ಒಬ್ಬರೇ ಲೇಖಕರ ಮೂರು ನಾಲ್ಕು ಪುಸ್ತಕಗಳನ್ನಿಟ್ಟು, ತಿಂಗಳಿಡೀ ಅವರ ಜೊತೆ ಇರುವುದು. ಪುಸ್ತಕ ಮೊದಲು, ಲೇಖಕರ ಊರು, ಕಾಲ ಆಮೇಲೆ.

ಶುರು ಮಾಡಲು ಜಿ.ಪಿ. ರಾಜರತ್ನಂ ಅವರಿಗಿಂತ ಒಳ್ಳೆಯವರು ಸಿಗಲಾರರು. ಎಂ.ಎ. ಮುಗಿಸಿದ ಅವರು ಕೆಲಕಾಲ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಿದರು. ಪಠ್ಯದಲ್ಲಿದ್ದ ಶಿಶುಗೀತೆಗಳು ಅವರಿಗೆ ಹಿಡಿಸಲಿಲ್ಲ, ತಾವೇ ಬರೆಯತೊಡಗಿದರು. ಅದರಿಂದ ಬಂದದ್ದೇ 'ತುತ್ತೂರಿ' ಸಂಕಲನ. ಅವರ ನಾಯಿಮರಿಯ ಹಾಡು, ತುತ್ತೂರಿಯ ಹಾಡು ಈ ಸಭೆಯಲ್ಲಿ ಯಾರಿಗೆ ಬರುವುದಿಲ್ಲ? ಎರಡನ್ನೂ ಒಟ್ಟಿಗೆ ಹಾಡಿಸಿ, 'ಇವೆರಡನ್ನೂ ಒಬ್ಬರೇ ಬರೆದದ್ದು, ಎರಡರಲ್ಲೂ ಒಂದೇ ಥರ ಏನಿದೆ ಹೇಳಿ' ಎಂದು ಕೇಳಿ ನೋಡಿ. ಒಂದು ಮಗು ಎರಡರಲ್ಲೂ ತಾಳ ಹಾಕಬಹುದು ಎಂದಿತು. ಇನ್ನೊಂದು ಮಗು, 'ಎರಡರಲ್ಲೂ ನಮ್ಮಂಥ ಚಿಕ್ಕವರೇ ಇದಾರೆ ಮಿಸ್, ದೊಡ್ಡವರು ಬರೋದೇ ಇಲ್ಲ' ಎಂದಿತು. ರಾಜರತ್ನಂ ಬಗ್ಗೆ ಇದಕ್ಕಿಂತ ಚೆನ್ನಾದ ಮಾತನ್ನು ನಾನು ವಿಮರ್ಶೆಯ ಪುಸ್ತಕದಲ್ಲೂ ಓದಿಲ್ಲ. ಆಮೇಲೆ ಅವರ ಕಥೆ ಹೇಳಿದೆ: ಅವರೂ ಒಬ್ಬ ಮೇಷ್ಟ್ರು, ತಮ್ಮ ಮುಂದೆ ಕುಳಿತ ಮಕ್ಕಳಿಗಾಗಿ ಬರೆದರು ಎಂದು.

ಚಿತ್ರಪುಸ್ತಕಕ್ಕೆ ಬಂದಾಗ ಶೃಂಗೇರಿ ಶ್ರೀನಿವಾಸನ ಪುಸ್ತಕಗಳು ಸಹಾಯಕ್ಕೆ ಬಂದವು. ರೋಹಿಣಿ ನಿಲೇಕಣಿ ಬರೆದು, ಆಂಜಿ ಮತ್ತು ಉಪೇಶ್ ಚಿತ್ರ ಬಿಡಿಸಿದ ಇವನ್ನು ಪ್ರಥಮ್ ಬುಕ್ಸ್ ಹೊರತಂದಿದೆ. ಒಂದರಲ್ಲಿ ಶ್ರೀನಿವಾಸನಿಗೆ ಉದ್ದುದ್ದ ಕೂದಲು, ವರ್ಷಕ್ಕೊಮ್ಮೆ ಕತ್ತರಿಸುವ ದಿನ ಬಂದಿದೆ, ಆದರೆ ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದರಲ್ಲಿ ಅವನ ತೋಟದಲ್ಲಿ ಬಾಳೆಹಣ್ಣೋ ಬಾಳೆಹಣ್ಣು, ತಿಂದು ತಿಂದು ಊರವರಿಗೆಲ್ಲ ಸಾಕಾಗಿದೆ. ಎರಡನೇ ಪುಸ್ತಕದ ಮುಖಪುಟ ಎತ್ತಿ ಹಿಡಿದ ಕೂಡಲೇ ಮಕ್ಕಳು 'ಅದೇ ಮಾಮ! ಅದೇ ಮಾಮ!' ಎಂದು ಕೂಗಿದರು. ಅದೇ ಮಾಮ ಹೇಗೆ ಬಂದ? ಯಾರು ಕರೆದುಕೊಂಡು ಬಂದರು? ಆಗ 'ಬರೆದವರು', 'ಚಿತ್ರ' ಎಂಬ ಸಣ್ಣ ಅಕ್ಷರಗಳ ಮೇಲೆ ಅವರ ಬೆರಳು ಹೋಯಿತು. ಪುಸ್ತಕ ಅಂಗಡಿಯಲ್ಲಿ ಹುಟ್ಟುವುದಿಲ್ಲ, ಒಬ್ಬ ಮನುಷ್ಯ ಕುಳಿತು ಮಾಡುತ್ತಾನೆ ಎಂದು ಆ ದಿನ ಅವರಿಗೆ ತಿಳಿಯಿತು.

ಇದು ತಿಳಿದರೆ ಏನು ಬದಲಾಗುತ್ತದೆ ಎಂದು ನೀವು ಕೇಳಬಹುದು. ಅದಕ್ಕೆ ಶಿಡ್ಲಘಟ್ಟ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ತರಗತಿಯಲ್ಲೇ ನಡೆದದ್ದನ್ನು ಹೇಳುತ್ತೇನೆ.

ಅಮೆರಿಕದ ಎರಿಕ್ ಕಾರ್ಲ್ ಎಂಬ ಲೇಖಕರು 1969ರಲ್ಲಿ ಹಸಿದ ಕಂಬಳಿಹುಳುವಿನ ಒಂದು ಚಿತ್ರಪುಸ್ತಕ ಮಾಡಿದರು. ತೆಳು ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಚಿತ್ರ ಮಾಡುವುದು ಅವರ ಕ್ರಮ. ಹುಳು ತಿಂದ ಜಾಗದಲ್ಲಿ ಪುಟಕ್ಕೆ ನಿಜವಾದ ತೂತುಗಳಿವೆ. ಜಗತ್ತಿನ ಬಹಳ ಭಾಷೆಗಳ ಮಕ್ಕಳು ಆ ತೂತಿನಲ್ಲಿ ಬೆರಳು ತೂರಿಸಿದ್ದಾರೆ. ಬೆಂಗಳೂರಿನಿಂದ ತರಿಸಿದ ಒಂದು ಪ್ರತಿಯನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹುಳು ಸೇಬು ತಿಂದಿತು, ಮಕ್ಕಳು ಸುಮ್ಮನಿದ್ದರು. ಶನಿವಾರ ಕೇಕು, ಐಸ್‌ಕ್ರೀಮು ಎಲ್ಲ ತಿಂದಿತು. ಹಿಂದಿನಿಂದ ಒಬ್ಬಳು ಎದ್ದು ನಿಂತಳು. 'ಸುಳ್ಳು ಮಿಸ್. ಹುಳ ಸೊಪ್ಪು ಬಿಟ್ಟು ಬೇರೆ ಏನೂ ತಿನ್ನಲ್ಲ.' ಇನ್ನೊಬ್ಬ, 'ಈ ಹುಳಕ್ಕೆ ಜ್ವರಾನೇ ಬರಲಿಲ್ಲ!' ಎಂದ. ಗೂಡಿನಿಂದ ಬಣ್ಣಬಣ್ಣದ ಚಿಟ್ಟೆ ಬಂದಾಗ ತರಗತಿಯೇ ಎದ್ದಿತು. 'ಗೂಡಲ್ಲಿ ಬಿಳಿ ಪತಂಗ ಬರೋದು. ಆಯಪ್ಪ ಹುಳಮನೆ ನೋಡೇ ಇಲ್ಲ ಅನ್ಸುತ್ತೆ.'

ರೇಷ್ಮೆ ಸಾಕುವ ಮನೆಯವರು ಇಲ್ಲಿದ್ದರೆ ನಗುತ್ತಿದ್ದೀರಿ. ಹಿಪ್ಪುನೇರಳೆ ಸೊಪ್ಪು, ನಾಲ್ಕು ಜ್ವರ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸಿ ಶಿಡ್ಲಘಟ್ಟ ಮಾರುಕಟ್ಟೆಗೆ ಒಯ್ಯುವುದು, ಎಲ್ಲವೂ ಆ ಮಕ್ಕಳಿಗೆ ಕರತಲಾಮಲಕ. ಸುಮಾರು 25 ದಿನ ಮನೆಯವರ ನಿದ್ದೆಗೆಡಿಸುವ ಹುಳು ಅದು. ಕಾರ್ಲ್ ಅವರ ಹುಳು ಬೇರೆ ಜಾತಿಯದು, ಕಥೆಯ ಹುಳು ಎಂದು ನಾನು ಹೇಳಿದೆ. ಆದರೂ ಮಕ್ಕಳ ಮಾತಿನಲ್ಲಿ ಸತ್ಯವಿತ್ತು. ಚಿಟ್ಟೆ ಹೊರಬರುವುದು ಸಾಮಾನ್ಯವಾಗಿ ನೂಲು ಸುತ್ತದ ಬರಿಯ ಕೋಶದಿಂದ, ನೂಲಿನ ಗೂಡು ಕಟ್ಟುವುದು ಪತಂಗದ ಜಾತಿ. ಪ್ರಪಂಚವೆಲ್ಲ ಓದಿದ ಪುಸ್ತಕವನ್ನು ನಮ್ಮ ಹಳ್ಳಿಯ ಏಳೆಂಟು ವರ್ಷದ ಮಕ್ಕಳು ಪ್ರಶ್ನೆ ಮಾಡಿದ್ದರು. ಅಚ್ಚಾದದ್ದೆಲ್ಲ ಆಕಾಶದಿಂದ ಬಂದದ್ದು ಎಂದುಕೊಂಡ ಮಗು ಹೀಗೆ ಕೇಳುವುದಿಲ್ಲ. ಬರೆದವನು ಒಬ್ಬ ಮನುಷ್ಯ ಎಂದು ಗೊತ್ತಾದ ಮಗು ಮಾತ್ರ ಕೇಳುತ್ತದೆ.

'ಹಾಗಾದರೆ ನಮ್ಮ ಹುಳುವಿನ ಪುಸ್ತಕ ನೀವೇ ಮಾಡಿ' ಎಂದೆ. ನಾಲ್ಕು ಹಾಳೆ ಮಡಿಸಿ ನಡುವೆ ಸೂಜಿದಾರ ಹಾಕಿದರೆ 16 ಪುಟದ ಪುಸ್ತಕ. ಹಳೆಯ ಮದುವೆ ಕಾಗದ, ಕ್ಯಾಲೆಂಡರ್ ಕತ್ತರಿಸಿ ಅಂಟಿಸಿದರು. ಜ್ವರ ಬಂದ ಹುಳು ತಲೆ ಎತ್ತಿ ಮಲಗಿದ್ದನ್ನು ಬಿಡಿಸಿದ ಚಿತ್ರ ಇವತ್ತಿಗೂ ನನ್ನ ಹತ್ತಿರ ಇದೆ. ಮುಖಪುಟದಲ್ಲಿ 'ಬರೆದವರು' ಎಂದು ಹಾಕಿ ತಮ್ಮ ಹೆಸರು ಬರೆದರು. ನಲಿ-ಕಲಿ ತರಗತಿಯ ಚಪ್ಪರಕ್ಕೆ ಆ ಪುಸ್ತಕಗಳನ್ನು ತೂಗುಹಾಕಿದೆವು. ಅಲ್ಲಿಯವರೆಗೆ ಕಾರ್ಡು ಓದಲು ಹಿಂದೆ ಸರಿಯುತ್ತಿದ್ದ ಒಬ್ಬ ಹುಡುಗ ದಿನವೂ ಬಂದವರಿಗೆಲ್ಲ ತನ್ನ ಪುಸ್ತಕ ಓದಿ ಹೇಳುತ್ತಿದ್ದ.

ಈ ಗಡಿನಾಡಿನ ನಮಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ. ನಮ್ಮ ಬಹಳ ಮಕ್ಕಳ ಮನೆಮಾತು ತೆಲುಗು. ಅಮ್ಮನ ಹತ್ತಿರ 'ಪಟ್ಟು ಪುರುಗು' ಎನ್ನುವ ಮಗು ಶಾಲೆಯಲ್ಲಿ 'ರೇಷ್ಮೆ ಹುಳು' ಎಂದು ಓದಬೇಕು. ಮನೆಯಲ್ಲಿ ಕುಡುಮು ತಿಂದು ಬಂದು ಪಾಠದಲ್ಲಿ ಕಡುಬು ಎಂದು ಓದಬೇಕು. ಬರಿಯ ಅಕ್ಷರದ ಪುಟದ ಮುಂದೆ ಆ ಮಗು ಮೌನವಾಗುತ್ತದೆ, ನಾವು ಅದನ್ನು ದಡ್ಡತನ ಎಂದುಕೊಳ್ಳುತ್ತೇವೆ. ಚಿತ್ರದ ಮುಂದೆ ಕೂರಿಸಿ. ಮೊದಲು ತೆಲುಗಿನಲ್ಲೇ ಹೇಳಲಿ, ಆಮೇಲೆ ಕನ್ನಡದ ಮಾತು ಕೊಡೋಣ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ತೆಲುಗಿನಲ್ಲೂ ಇರುವ ಪುಸ್ತಕಗಳು ಬೇಕಾದಷ್ಟಿವೆ, ಉಚಿತ.

ಲೇಖಕರ ಬದುಕು ಹೇಳುವಾಗ ಈ ಮಕ್ಕಳಿಗೆ ಇನ್ನೊಂದು ಧೈರ್ಯವನ್ನೂ ಕೊಡಬಹುದು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಮಕ್ಕಳಿಗೆ ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಅವರ ಮನೆಮಾತು ಕೊಂಕಣಿ. ಬೇಂದ್ರೆಯವರ ಮನೆಯಲ್ಲಿ ಮರಾಠಿ. ನಾವೆಲ್ಲ 2007ರವರೆಗೆ ಕೋಲಾರ ಜಿಲ್ಲೆಯವರೇ ಅಲ್ಲವೇ? ಆ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಯಲ್ಲಿ ತಮಿಳು. ಕನ್ನಡವನ್ನು ಬೆಳೆಸಿದವರಲ್ಲಿ ಎಷ್ಟೋ ಜನ ಮನೆಯಲ್ಲಿ ಬೇರೆ ಮಾತಾಡಿದವರು. ತೆಲುಗು ಮನೆಯ ನಮ್ಮ ಮಗುವಿಗೆ ಇದನ್ನು ಯಾರಾದರೂ ಹೇಳಬೇಕು.

ಈಗ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಊರವರಲ್ಲಿ ನನ್ನ ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ನೀವು ಕಮಾನು ಕಟ್ಟಿಸಬಹುದು, ಬಣ್ಣ ಹೊಡೆಸಬಹುದು, ಬೇಡ ಎನ್ನುವುದಿಲ್ಲ. ಜೊತೆಗೆ ಮೂರು ಕೆಲಸ ಮಾಡಿ.

ಒಂದು, ಈ ಪ್ರೌಢಶಾಲೆಗೆ ಮಕ್ಕಳನ್ನು ಕಳಿಸುವ ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಪುಸ್ತಕ ಕೊಡಿ. ಕೊಡುವಾಗ ಸಿಕ್ಕಿದ ನೂರು ಪುಸ್ತಕ ಕಟ್ಟಿಕೊಡಬೇಡಿ. ಐದು ಜನ ಲೇಖಕರನ್ನು ಆರಿಸಿ, ಒಬ್ಬೊಬ್ಬರದೂ ನಾಲ್ಕು ಪುಸ್ತಕ ಕೊಡಿ. ಇಪ್ಪತ್ತು ಪುಸ್ತಕದಲ್ಲಿ ಐದು ತಿಂಗಳ ಓದು ನಡೆಯುತ್ತದೆ.

ಎರಡು, ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರದಂತೆ ನೋಡಿಕೊಳ್ಳಿ. ಪುಸ್ತಕ ಹರಿದರೆ ಮೇಷ್ಟ್ರು ಲೆಕ್ಕ ಕೊಡಬೇಕೆಂಬ ಭಯ ಬೀಗಕ್ಕೆ ಕಾರಣ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ನಷ್ಟದ ಲೆಕ್ಕವಲ್ಲ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು ಬರೆದಿಡಿ, ಮೇಷ್ಟ್ರಿಗೆ ಧೈರ್ಯ ಬರುತ್ತದೆ. ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಅದರ ಬಾಗಿಲಿಗೂ ಮಕ್ಕಳನ್ನು ಕರೆದೊಯ್ಯಿರಿ.

ಮೂರು, ನಮ್ಮವರದೇ ಒಂದು ಚಿತ್ರಪುಸ್ತಕ ಮಾಡಿ. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗನೊಬ್ಬ ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದ, ನ್ಯಾಷನಲ್ ಹೈಸ್ಕೂಲು ಸೇರಿದ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಡಾ. ಎಚ್. ನರಸಿಂಹಯ್ಯನವರು 'ಹೋರಾಟದ ಹಾದಿ' ಎಂಬ ಆತ್ಮಕಥೆಯನ್ನೂ ಬರೆದಿದ್ದಾರೆ. ದೊಡ್ಡವರು ಓದುವ ಪುಸ್ತಕ ಅದು. ಆ ನಡಿಗೆಯನ್ನು ಹದಿನಾರು ಪುಟದಲ್ಲಿ, ಚಿತ್ರದಲ್ಲಿ, ಎರಡನೇ ತರಗತಿಯ ಮಗುವಿಗೆ ಹೇಳಲು ಈ ಶಾಲೆಯ ಹತ್ತನೇ ತರಗತಿಯವರಿಗೆ ಆಗದೇ? ಬಿಡಿಸುವ ಕೈಗಳು ನಿಮ್ಮಲ್ಲೇ ಇವೆ. ಮುಖಪುಟದ ಮೇಲೆ 'ಬರೆದವರು, ಚಿತ್ರ: ಸರ್ಕಾರಿ ಪ್ರೌಢಶಾಲೆ, ಕುಡುಮಲಕುಂಟೆ' ಎಂದು ಹಾಕಿ. ಕೆಳಗಿನ ತರಗತಿಯ ಮಕ್ಕಳು ಅದನ್ನು ಬೆರಳಿಟ್ಟು ಓದುತ್ತಾರೆ, ಪುಸ್ತಕ ಬರೆಯುವವರು ನಮ್ಮೂರಲ್ಲೂ ಇದ್ದಾರೆ ಎಂದು ತಿಳಿಯುತ್ತಾರೆ. ಐದಾರು ವರ್ಷಕ್ಕೆ ಅವರೇ ಇಲ್ಲಿಗೆ ಎಂಟನೇ ತರಗತಿಗೆ ಬರುವವರು.