ಉಸಿರು ಬಿಗಿಹಿಡಿಯದಿರುವ ವಿದ್ಯೆ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಘಟ್ಟದ ಮೇಲಿನವರಿಗೆ ಸಮುದ್ರದಾಳದ ಮಾತೇಕೆ ಎಂದು ಸಂಘಟಕರನ್ನು ನಾನೇ ಕೇಳಿದ್ದೆ. ನಮ್ಮ ಶರಾವತಿ, ಅಘನಾಶಿನಿಯರು ಹೊತ್ತೊಯ್ಯುವ ಮಣ್ಣು ಸೇರುವ ಕಡಲನ್ನು ಮಕ್ಕಳು ಒಮ್ಮೆ ಒಳಹೊಕ್ಕು ನೋಡಲಿ ಎಂದರು. ನಿಮ್ಮಲ್ಲಿ ಕೆಲವರು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದೀರಿ. ಆದ್ದರಿಂದ ಸ್ಕೂಬಾ ಕಲಿಸುವ ಕ್ರಮವನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವೆಂದು ಬಹುಮಂದಿ ನಂಬಿದ್ದಾರೆ. ಅಲ್ಲ, ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಎಳೆದಾಗ ಮಾತ್ರ ಗಾಳಿ ಕೊಡುವ ರೆಗ್ಯುಲೇಟರನ್ನು 1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ ರೂಪಿಸಿದರು.

ಮೊದಲ ಪಾಠ ಸೊಂಟಮಟ್ಟದ ನೀರಿನಲ್ಲಿ. ಮಂಡಿಯೂರಿ, ಮುಖ ಮುಳುಗಿಸಿ, ನಿಧಾನವಾಗಿ ಉಸಿರಾಡುವುದು, ಬೇರೇನೂ ಇಲ್ಲ. ಇಲ್ಲಿಯೇ ಒಂದು ವಿಚಿತ್ರ: ಹೊಳೆಯ ಗುಂಡಿಗಳಲ್ಲಿ ಬಾಲ್ಯದಿಂದ ಮುಳುಗಿದವರೇ ನಮಗೆ ಕಷ್ಟದ ಶಿಷ್ಯರು. ಉಸಿರು ಬಿಗಿಹಿಡಿಯುವುದು ಅವರಿಗೆ ರಕ್ತಗತ. ಸ್ಕೂಬಾದಲ್ಲಿ ಅದುವೇ ಪ್ರಾಣಾಂತಕ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಶ್ವಾಸಕೋಶ ತುಂಬಿಕೊಂಡು ಬಾಯಿ ಮುಚ್ಚಿ ಮೇಲೇರಿದರೆ ಒಳಗಿನ ಗಾಳಿ ಎರಡು ಪಟ್ಟು ಹಿಗ್ಗಲು ಹವಣಿಸುತ್ತದೆ, ಶ್ವಾಸಕೋಶ ಹರಿಯಬಹುದು. ಹೊಳೆಯಲ್ಲಿ ಮುಳುಗುವವನು ಮೇಲಿನ ಗಾಳಿಯನ್ನೇ ಒಯ್ದು ಮರಳಿ ತರುವುದರಿಂದ ಅವನಿಗೆ ಈ ಅಪಾಯವಿಲ್ಲ. ಹೀಗಾಗಿ ಈಜು ಬಲ್ಲವನಿಗೆ ನಾನು ಹೊಸದನ್ನು ಕಲಿಸುವುದಕ್ಕಿಂತ ಹಳೆಯದನ್ನು ಮರೆಸುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತೇನೆ.

ಎರಡನೆಯದು, ರೆಗ್ಯುಲೇಟರ್ ಬಾಯಿಯಿಂದ ಜಾರಿದರೆ ಏನು ಮಾಡಬೇಕೆಂಬುದು. ತುಟಿಗಳ ನಡುವೆ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಬಲಗೈಯನ್ನು ತೊಡೆಯಿಂದ ಹಿಂದಕ್ಕೆ, ಅಲ್ಲಿಂದ ಮುಂದಕ್ಕೆ ವೃತ್ತಾಕಾರವಾಗಿ ಬೀಸಿದರೆ ಕೊಳವೆ ತೋಳಿಗೆ ಸಿಗುತ್ತದೆ. ಬಾಯಿಗಿಟ್ಟು, ಜೋರಾಗಿ ಊದಿ ನೀರು ಹೊರಹಾಕಿ, ಬಳಿಕ ಮೆಲ್ಲನೆ ಎಳೆಯಬೇಕು. ಊದದೆ ಎಳೆದವರು ಉಪ್ಪುನೀರು ಕುಡಿದೇ ಕಲಿಯುತ್ತಾರೆ. ಮಾಸ್ಕಿಗೆ ನೀರು ನುಗ್ಗಿದರೆ ಅದರ ಮೇಲಂಚನ್ನು ಹಣೆಗೆ ಒತ್ತಿ, ತಲೆಯನ್ನು ತುಸು ಮೇಲೆತ್ತಿ, ಮೂಗಿನಿಂದ ಉಸಿರು ಬಿಡಬೇಕು. ಇದನ್ನು ಹತ್ತಾರು ಬಾರಿ ಮಾಡಿಸುತ್ತೇವೆ, ಬೇಸರಿಸಿಕೊಳ್ಳಬೇಡಿ.

ಇಳಿಯುವಾಗ ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದಬೇಕು. ನೋವಾದರೆ ತುಸು ಮೇಲೇರಬೇಕೇ ಹೊರತು ಬಲವಂತ ಸಲ್ಲದು. ನೆಗಡಿಯಾದವರು ಅಂದು ದೋಣಿಯಲ್ಲಿಯೇ ಕುಳಿತಿರಲಿ. ಸನ್ನೆಗಳೂ ಬೇರೆ: ಹೆಬ್ಬೆರಳು ಮೇಲೆತ್ತಿದರೆ "ಭೇಷ್" ಎಂದಲ್ಲ, "ಮೇಲೆ ಹೋಗೋಣ" ಎಂದರ್ಥ.

ತೇಲುವ ಹದ ಕಲಿಯುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಜಾಕೆಟ್ಟಿಗೆ ಚೂರುಚೂರೇ ಗಾಳಿ ತುಂಬಿ, ಮುಳುಗದೆ ಏರದೆ ನಿಲ್ಲಬೇಕು. ಅದು ಬಾರದವನ ಕಾಲಿನ ಫಿನ್ನು ಹವಳಕ್ಕೆ ಬಡಿಯುತ್ತದೆ. ಗುಂಡುಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ನೀಡಿದೆ. ಕೆಸರೂ ಅದಕ್ಕೆ ಶತ್ರುವೇ. ರಾಡಿನೀರಿನಲ್ಲಿ ಬೆಳಕು ಇಳಿಯದು. ಬೆಳಕಿಲ್ಲದೆ ಹವಳದೊಳಗಿನ ಪಾಚಿ ಆಹಾರ ತಯಾರಿಸಲಾರದು. ಗುಡ್ಡ ಬೋಳಿಸುವವರು ಕಡಲಿಗೂ ಉತ್ತರ ಕೊಡಬೇಕಾದೀತು.

ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು. 5 ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು. ಆಳದಲ್ಲಿ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು, ಗಡಿಬಿಡಿಯಾದರೆ ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಹಿಡಿಯುತ್ತದೆ.

ಕರಾವಳಿಯವರಿಗೆ ಪಾಠ ಇಲ್ಲಿಗೆ ಮುಗಿಯುತ್ತದೆ. ನಿಮಗೆ ಮುಗಿಯದು. ನಿಮ್ಮ ಮನೆಗಳಿರುವುದು ಘಟ್ಟದ ಮೇಲೆ. ಎತ್ತರಕ್ಕೆ ಏರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ. ಮೈಯಲ್ಲಿ ಉಳಿದ ಸಾರಜನಕಕ್ಕೆ ಘಟ್ಟ ಹತ್ತುವ ಬಸ್ಸೂ ವಿಮಾನವೇ. ಮುಳುಗಿದ ಬಳಿಕ ವಿಮಾನ ಏರಲು ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಬೇಕೆಂಬ ಸೂಚನೆಯಿದೆ. ಆಗುಂಬೆಯಂತಹ 600 ಮೀಟರ್ ದಾಟಿದ ಊರಿನವರು ಅದನ್ನೇ ಪಾಲಿಸುವುದು ಕ್ಷೇಮ. ಆದ್ದರಿಂದ ಸಂಘಟಕರಲ್ಲಿ ನನ್ನದೊಂದು ವಿನಂತಿ: ಸಂಜೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಬೇಡಿ. ಆ ರಾತ್ರಿ ಮುರುಡೇಶ್ವರದಲ್ಲಿಯೇ ತಂಗಲು ಏರ್ಪಾಡು ಮಾಡಿ, ಮರುದಿನ ಊಟ ಮುಗಿಸಿ ಹೊರಡಿಸಿ.