ಹಳೆಯ ಬಿರುಕು, ಹೊಸ ಬೆಟ್ಟ



2001ರ ಜನವರಿ 26ರ ಬೆಳಿಗ್ಗೆ ಕಚ್ಛ್‌ನ ಅಂಜಾರ್ ಪೇಟೆಯಲ್ಲಿ ಶಾಲೆಯ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದರು. ಇಕ್ಕಟ್ಟಾದ ಬೀದಿ, ಎರಡೂ ಬದಿಗೆ ಹಳೆಯ ಮನೆಗಳು. ಒಂಬತ್ತು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ನೆಲ ನಡುಗಿತು, ಗೋಡೆಗಳು ಆ ಮಕ್ಕಳ ಮೇಲೆಯೇ ಬಿದ್ದವು. 7.7ರ ಆ ಭೂಕಂಪದಲ್ಲಿ ಒಟ್ಟು ಸುಮಾರು 20,000 ಜನ ಸತ್ತರು. ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು.

ಹಿಮಾಲಯದಲ್ಲಿ ಭೂಕಂಪ ಏಕಾಗುತ್ತದೆ ಎಂದು ಕೇಳಿದರೆ ಇಂದು ಶಾಲೆಯ ಹುಡುಗರೂ ಉತ್ತರ ಹೇಳುತ್ತಾರೆ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆದರೆ ಕಚ್ಛ್ ಇರುವುದು ಹಿಮಾಲಯದಿಂದ ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ. ಪಾಕಿಸ್ತಾನದ ಕಡೆಗಿರುವ ಫಲಕದ ಅಂಚೂ ಅಲ್ಲಿಂದ ನೂರಾರು ಕಿಲೋಮೀಟರ್ ಆಚೆ. ನಡುವೆ ಇಷ್ಟೊಂದು ನೆಲ ಇರುವಾಗ ಆ ಒತ್ತಡ ಕಚ್ಛ್‌ನಲ್ಲೇ ಏಕೆ ಸಿಡಿಯಿತು? ಇಂದಿನ ನನ್ನ ಮಾತು ಈ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ.

ಉತ್ತರಕ್ಕಾಗಿ ಸುಮಾರು 20 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಆಗ ಹಿಮಾಲಯ ಇರಲಿಲ್ಲ. ಭಾರತ, ಆಫ್ರಿಕಾ, ಅಂಟಾರ್ಕ್ಟಿಕಾ ಎಲ್ಲ ಕೂಡಿದ್ದ ಗೊಂಡ್ವಾನ ಎಂಬ ಮಹಾಖಂಡ ಒಡೆಯುವ ಹಾದಿಯಲ್ಲಿತ್ತು. ಇಂದಿನ ಕಚ್ಛ್ ಇರುವ ಜಾಗದಲ್ಲಿ ನೆಲ ಎಳೆತಕ್ಕೆ ಸಿಕ್ಕಿ ಪೂರ್ವ-ಪಶ್ಚಿಮವಾಗಿ ಉದ್ದುದ್ದ ಸೀಳಿತು. ಸೀಳುಗಳ ನಡುವಿನ ಭಾಗ ಕುಸಿದು ತಗ್ಗಾಯಿತು, ತಗ್ಗಿಗೆ ಸಮುದ್ರ ನುಗ್ಗಿತು. ಕೋಟಿಗಟ್ಟಲೆ ವರ್ಷ ಅಲ್ಲಿ ಹೂಳು ಸೇರಿ ಕಲ್ಲಾಯಿತು. ಕಚ್ಛ್‌ನ ಬಂಡೆಗಳಲ್ಲಿ ಸುರುಳಿ ಚಿಪ್ಪಿನ ಅಮೊನೈಟ್ ಎಂಬ ಕಡಲಜೀವಿಗಳ ಪಳೆಯುಳಿಕೆ ಇಂದಿಗೂ ಹೇರಳವಾಗಿ ಸಿಗುವುದು ಅದಕ್ಕೇ. ಕೊನೆಗೆ ಎಳೆತ ನಿಂತಿತು. ಸೀಳುಗಳು ಮಾತ್ರ ಹೂಳಿನ ಅಡಿಯಲ್ಲಿ ಹಾಗೇ ಉಳಿದವು.

ಆಮೇಲೆ, ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ತಾಗಿತು. ಒಂದು ಕಾಲದಲ್ಲಿ ಎಳೆತ ಕಂಡಿದ್ದ ನೆಲದ ಮೇಲೆ ಈಗ ಒತ್ತಡ ಬಿತ್ತು. ಹೊಸ ಬಿರುಕು ಹುಟ್ಟಿಸುವುದಕ್ಕಿಂತ ಹಳೆಯದನ್ನು ಕದಲಿಸುವುದು ಸುಲಭ. ನಮ್ಮ ಕಡೆ ಬಂಡೆ ಒಡೆಯುವವರನ್ನು ನೋಡಿ. ಉಳಿ ಇಡುವ ಮುಂಚೆ ಅವರು ಕಲ್ಲಿನ ಎಳೆ ಯಾವ ಕಡೆಗಿದೆ ಎಂದು ಹುಡುಕುತ್ತಾರೆ. ಪೆಟ್ಟು ಅವರದು, ಕಲ್ಲು ಎಲ್ಲಿ ಬಿಡಬೇಕೆಂಬುದನ್ನು ನಿರ್ಧರಿಸುವುದು ಆ ಎಳೆ. ಕಚ್ಛ್‌ನಲ್ಲಿ ಆದದ್ದೂ ಅದೇ. ಅಂದು ಯಾವ ಸೀಳಿನ, ಅಂದರೆ ಸ್ತರಭಂಗದ, ಮೇಲೆ ನೆಲ ಕೆಳಗೆ ಜಾರಿತ್ತೋ, ಇಂದು ಅದರ ಮೇಲೆಯೇ ಮೇಲಕ್ಕೆ ಏರುತ್ತಿದೆ. ರಣ ಎಂಬ ಉಪ್ಪಿನ ಬಯಲಿನ ನಡುವೆ ದ್ವೀಪಗಳಂತೆ ಎದ್ದಿರುವ ಪಚ್ಛಮ್, ಧೋಳಾವೀರಾ ಇರುವ ಖಡಿರ್, ಬೇಲಾ, ಇವೆಲ್ಲ ಹೀಗೆ ಕುಸಿದು ಮತ್ತೆ ಎದ್ದ ನೆಲದ ತುಣುಕುಗಳು.

ಹಳೆಯ ಸೀಳೇ ಮತ್ತೆ ಕದಲಿತು ಎನ್ನಲು ಬಂಡೆಗಳಲ್ಲೇ ಒಂದು ಗುರುತಿದೆ. ಒತ್ತಡದಿಂದ ಹೊಸದಾಗಿ ಹುಟ್ಟುವ ಸ್ತರಭಂಗ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿರುತ್ತದೆ. ಎಳೆತದಿಂದ ಹುಟ್ಟಿದ್ದು ಇನ್ನೂ ಕಡಿದು, 60 ಡಿಗ್ರಿಯವರೆಗೆ ಇರಬಹುದು. 2001ರಲ್ಲಿ ಜಾರಿದ ಸ್ತರಭಂಗದ ಓರೆ ಸುಮಾರು 50 ಡಿಗ್ರಿ. ಒತ್ತಡವೇ ಹೊಸದಾಗಿ ಆರಿಸಿಕೊಂಡಿದ್ದರೆ ಇಷ್ಟು ಕಡಿದಾದ ದಾರಿಯನ್ನು ಹಿಡಿಯುತ್ತಿರಲಿಲ್ಲ.

ಆ ಸೀಳುಗಳಲ್ಲಿ ಎಚ್ಚರವಾದದ್ದು ಅದೊಂದೇ ಅಲ್ಲ. 1819ರ ಜೂನ್ 16ರಂದು ರಣದ ವಾಯವ್ಯದಲ್ಲಿ ಇನ್ನೊಂದು ಸ್ತರಭಂಗ ಜಾರಿತು. ಸಿಂಧ್ರಿ ಎಂಬ ಕೋಟೆಯ ಸುತ್ತಲಿನ ನೆಲ ತಗ್ಗಿ ನೀರು ತುಂಬಿತು. ಅದರ ಉತ್ತರಕ್ಕೆ, ಎಂಬತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮಣ್ಣಿನ ದಿಬ್ಬವೊಂದು ಒಂದೇ ಸಂಜೆಯಲ್ಲಿ ಎದ್ದು ನಿಂತಿತು. ಮನುಷ್ಯರು ಕಟ್ಟದ ಈ ಒಡ್ಡಿಗೆ ಅಲ್ಲಿಯ ಜನ ಅಲ್ಲಾ ಬಂಡ್ ಎಂದು ಹೆಸರಿಟ್ಟರು. ಚಾರ್ಲ್ಸ್ ಲಯೆಲ್ ಭೂವಿಜ್ಞಾನದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಪ್ರಸಂಗವನ್ನು ಸಿಂಧ್ರಿಯ ಚಿತ್ರ ಸಮೇತ ವಿವರಿಸಿದ್ದಾರೆ. 1956ರ ಜುಲೈಯಲ್ಲಿ ಅಂಜಾರ್ ಒಮ್ಮೆ ನಡುಗಿತ್ತು. ಅದೇ ಊರಿನ ಮಕ್ಕಳೇ 2001ರಲ್ಲಿ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಈಗ ಹಿಮಾಲಯಕ್ಕೆ ಬರೋಣ. ಎರಡು ಖಂಡಗಳು ಢಿಕ್ಕಿಯಾದಲ್ಲಿ ಪರ್ವತ ಎದ್ದಿತು ಎನ್ನುವುದು ನಿಜ, ಆದರೆ ಅದು ಅರ್ಧ ಕಥೆ. ಢಿಕ್ಕಿಗೆ ಬಂದ ಭಾರತ ನಯವಾದ ಹಲಗೆಯಾಗಿರಲಿಲ್ಲ. ಅದರ ಮೈಮೇಲೆ ಅರಾವಳಿಯಂಥ ಪ್ರಾಚೀನ ಬೆಟ್ಟಸಾಲುಗಳಿದ್ದವು. ದೆಹಲಿಯಲ್ಲಿ ಮುಗಿದಂತೆ ಕಾಣುವ ಅರಾವಳಿಯ ಶಿಲೆ ವಾಸ್ತವದಲ್ಲಿ ಗಂಗಾ ಬಯಲಿನ ಮೆಕ್ಕಲು ಮಣ್ಣಿನಡಿ ಹರಿದ್ವಾರದ ದಿಕ್ಕಿಗೆ ಮುಂದುವರಿಯುತ್ತದೆ. ಫೈಜಾಬಾದಿನ ಕೆಳಗೊಂದು, ಬಿಹಾರದ ಮುಂಗೇರ್-ಸಹರ್ಸಾ ಕೆಳಗೊಂದು ಇಂಥ ಹೂತುಹೋದ ಏಣುಗಳಿವೆ. ಇವೆಲ್ಲ ಹಿಮಾಲಯದ ಅಡಿಗೆ ನುಗ್ಗುತ್ತಿವೆ.

ಈ ಕಡೆಗೆ ಬಹಳ ಬೇಗ ಕಣ್ಣು ಹಾಯಿಸಿದವರು ಭೂವಿಜ್ಞಾನಿ ದಾರಾಶಾ ನೌಶೇರ್ವಾನ್ ವಾಡಿಯಾ. ವಾಯವ್ಯಕ್ಕೆ ಸಾಗುವ ಹಿಮಾಲಯ ನಂಗಾ ಪರ್ಬತದ ಬಳಿ ಥಟ್ಟನೆ ನೈಋತ್ಯಕ್ಕೆ ತಿರುಗುತ್ತದಲ್ಲ, ಆ ತಿರುವಿಗೆ ಕಾರಣ ಪಂಜಾಬಿನ ಬಯಲಿನಡಿ ನಾಲಗೆಯಂತೆ ಚಾಚಿರುವ ಹಳೆಯ ಗಟ್ಟಿ ಶಿಲೆ ಎಂದು ಅವರು 1931ರಲ್ಲಿ ಬರೆದರು. ಭೂಫಲಕಗಳ ಸಿದ್ಧಾಂತ ರೂಪುಗೊಳ್ಳಲು ಇನ್ನೂ ಮೂರು ದಶಕಕ್ಕೂ ಹೆಚ್ಚು ಕಾಲವಿತ್ತು. ಬೆಟ್ಟ ಅಲೆದು, ಬಂಡೆಗಳ ಓರೆ ಅಳೆದು ಅವರು ಈ ತೀರ್ಮಾನಕ್ಕೆ ಬಂದರು. ಅವರ ಹೆಸರು ನಮ್ಮ ಮನೆಮಾತಾಗಬೇಕಿತ್ತು.

2015ರ ಏಪ್ರಿಲ್ 25ರ ನೇಪಾಳದ ಭೂಕಂಪ ಗೋರ್ಖಾದಲ್ಲಿ ಶುರುವಾಗಿ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ಓಡಿ, ಕಠ್ಮಂಡುವನ್ನು ದಾಟಿ ನಿಂತಿತು. ಅಲ್ಲೇ ಏಕೆ ನಿಂತಿತು? ಕೆಳಗಿನ ಸ್ತರಭಂಗದ ಆಕಾರವೇ ಅಲ್ಲಿ ಬದಲಾಗುತ್ತದೆ ಎಂದು ಹಲವರ ಅಭಿಪ್ರಾಯ. ಹೂತ ಏಣುಗಳು ದೊಡ್ಡ ಭೂಕಂಪಗಳಿಗೆ ಗಡಿ ಹಾಕುತ್ತವೆ ಎನ್ನುವವರೂ ಇದ್ದಾರೆ. ಈ ವಾದ ಇನ್ನೂ ನಡೆದಿದೆ. ಅದರಲ್ಲಿ ಹುರುಳಿದೆ ಎಂದೇ ನನ್ನ ನಂಬಿಕೆ, ಆದರೆ ಏಣು ಇದೆಯೆಂದು ಯಾವ ಊರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಹಿಮಾಲಯ ಭಾರತದ ಹಳೆಯ ನೆಲದಿಂದಲೇ ಎದ್ದಿತು ಎನ್ನುವುದಕ್ಕೆ ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲೂ ಸಾಕ್ಷಿಯಿದೆ. ಗಂಡಕಿಯ ಸಾಲಿಗ್ರಾಮದೊಳಗಿನ ಚಕ್ರ, ಕಚ್ಛ್‌ನಲ್ಲಿ ಸಿಗುವಂಥದ್ದೇ ಅಮೊನೈಟ್. ಭಾರತದ ಉತ್ತರದ ಅಂಚಿನ ಕಡಲತಳದಲ್ಲಿ ಕೂತ ಕಪ್ಪು ಕೆಸರು ಅದನ್ನು ಹೊತ್ತು ಹಿಮಾಲಯವಾಗಿ ಎದ್ದಿದೆ.

ಇನ್ನು ನಮ್ಮ ನೆಲ. ದಕ್ಷಿಣದ ಪ್ರಸ್ಥಭೂಮಿ ಅಲುಗಾಡದು ಎಂಬ ನಂಬಿಕೆ ಬಹುಕಾಲವಿತ್ತು. 1967ರ ಡಿಸೆಂಬರ್ 11ರಂದು ಕೃಷ್ಣೆಯ ಉಪನದಿ ಕೊಯ್ನಾದ ಅಣೆಕಟ್ಟಿನ ಬಳಿ 6.3ರ ಭೂಕಂಪವಾಯಿತು. ಜಲಾಶಯದ ನೀರು ಅಲ್ಲಿ ಬಿರುಕನ್ನು ಸೃಷ್ಟಿಸಲಿಲ್ಲ. ಬಿರುಕು ಮೊದಲೇ ಇತ್ತು, ನೀರಿನ ಭಾರ ಮತ್ತು ಒಳಗೆ ಇಳಿದ ನೀರಿನ ಒತ್ತಡ ಅದನ್ನು ಸಡಿಲಗೊಳಿಸಿದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರಿನ ಕಿಲ್ಲಾರಿಯ ಸುತ್ತಮುತ್ತ ಭೂಕಂಪವಾಗಿ ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಸತ್ತರು. ಅಲ್ಲಿಯ ಕಪ್ಪು ಬಸಾಲ್ಟ್ ಹೊದಿಕೆ ಕೊರೆದು ನೋಡಿದರೆ ಸುಮಾರು 340 ಮೀಟರ್ ಕೆಳಗೆ ಸಿಕ್ಕಿದ್ದು, ನಮ್ಮ ಧಾರವಾಡ ಸೀಮೆಯ ಅತಿ ಪುರಾತನ ನೈಸ್ ಶಿಲೆಗಳ ಬಳಗವೇ. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

ಬೀದರ್, ಕಲಬುರಗಿ, ವಿಜಯಪುರಗಳಲ್ಲೂ ಹೆಚ್ಚಿನ ಕಡೆ ಇದೇ ಬಸಾಲ್ಟ್ ಹೊದಿಕೆ. ಅದರಡಿಯ ಹಳೆಯ ಬಿರುಕುಗಳು ಕಣ್ಣಿಗೆ ಕಾಣವು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಸಣ್ಣ ಕಂಪನಗಳಿಗೆ ಹೆದರಿ ಮನೆಯ ಹೊರಗೆ ಮಲಗಿದರು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಮಾಳಿಗೆಯ ಭಾರ ಮತ್ತು ಒಳಮೈ-ಹೊರಮೈ ಬೇರೆಬೇರೆಯಾಗಿ ಕಳಚಿ ಬಿದ್ದ ದಪ್ಪ ಕಲ್ಲುಗೋಡೆ. ಆ ಭಾಗದಲ್ಲಿ ಮನೆ ಕಟ್ಟಿಸುವ ನೆಂಟರು ನಿಮಗಿದ್ದರೆ, ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಹಾಕಿಸಲು ಹೇಳಿ. ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಕಟ್ಟಿಸಲು ಹೇಳಿ. ಇದಕ್ಕೆ ತಗಲುವ ಖರ್ಚು ಮನೆಯ ಖರ್ಚಿನಲ್ಲಿ ಸಣ್ಣ ಪಾಲು.