ಅಲಗಿನ ಮೇಲಿನ ಹೆಸರು

ಜಪಾನೀ ಭಾಷೆಯಲ್ಲಿ ಅಡುಗೆಮನೆಯ ಚಾಕುವಿಗೆ ‘ಹೋಚೊ’ ಎನ್ನುತ್ತಾರೆ. ಇದು ಮೂಲತಃ ವಸ್ತುವಿನ ಹೆಸರಲ್ಲ, ಮನುಷ್ಯನ ಹೆಸರು. ಚೀನಾದ ಪ್ರಾಚೀನ ತತ್ತ್ವಜ್ಞಾನಿ ಚುವಾಂಗ್ ತ್ಸು ಹೆಸರಿನ ಗ್ರಂಥದಲ್ಲಿ ಡಿಂಗ್ ಎಂಬ ಅಡುಗೆಯವನೊಬ್ಬನ ಕಥೆ ಬರುತ್ತದೆ. ದೊರೆಯೊಬ್ಬನ ಎದುರಿಗೆ ಆತ ಎತ್ತಿನ ದೇಹವನ್ನು ಬಿಡಿಸಿ ತೋರಿಸುತ್ತಾನೆ. ಸಾಧಾರಣ ಅಡುಗೆಯವರು ತಿಂಗಳಿಗೊಂದು ಚಾಕು ಬದಲಿಸುತ್ತಾರಂತೆ, ನುರಿತವರು ವರ್ಷಕ್ಕೊಂದು. ಡಿಂಗ್‌ನ ಚಾಕುವಿಗೆ ಮಾತ್ರ 19 ವರ್ಷ. ಆದರೂ ಅದು ಈಗಷ್ಟೇ ಸಾಣೆಯಿಂದ ಇಳಿದಂತಿದೆ. ಅವನು ಎಲುಬನ್ನು ಕಡಿಯುವುದಿಲ್ಲ. ಕೀಲುಗಳ ಸಂದಿನಲ್ಲಿ ಅಲಗನ್ನು ಹಾಯಿಸುತ್ತಾನೆ, ಅಷ್ಟೆ. ‘ಪಾವ್ ಡಿಂಗ್’, ಅಂದರೆ ಅಡುಗೆಯ ಡಿಂಗ್, ಜಪಾನೀಯರ ನಾಲಗೆಯಲ್ಲಿ ‘ಹೋಚೊ’ ಆಯಿತು. ಮೊದಲು ಅಡುಗೆಯವನಿಗೆ, ಆಮೇಲೆ ಅಡುಗೆಗೆ, ಕೊನೆಗೆ ಅವನ ಕೈಯ ಚಾಕುವಿಗೇ ಆ ಹೆಸರು ಅಂಟಿಕೊಂಡಿತು.

ಹೀಗೆ ಬಳಸಿದವನ ಹೆಸರು ಭಾಷೆಯಲ್ಲಿ ಉಳಿಯಿತು. ಆದರೆ ಚಾಕುವಿನ ಅಲಗಿನ ಮೇಲೆ ಉಳಿಯಿಂದ ಕೆತ್ತಿರುವ ಹೆಸರು ಯಾರದು? ಕಳೆದ ಎರಡು ಮೂರು ದಶಕಗಳಲ್ಲಿ ಜಪಾನೀ ಚಾಕುಗಳನ್ನು ಕೊಂಡು ಕೂಡಿಡುವ ಹವ್ಯಾಸ ಯೂರೋಪು, ಅಮೆರಿಕಗಳಲ್ಲಿ ಬೆಳೆದಂತೆ ಈ ಪ್ರಶ್ನೆ ದೊಡ್ಡದಾಯಿತು. ಅಂಚೆಚೀಟಿ, ನಾಣ್ಯ ಕೂಡಿಡುವವರಂತೆ ಚಾಕು ಕೂಡಿಡುವವನೂ ಮೊದಲು ಕೇಳುವುದು ‘ಇದನ್ನು ಮಾಡಿದವರು ಯಾರು’ ಎಂದೇ. ಜಪಾನಿನಲ್ಲಿ ಇದಕ್ಕೆ ಉತ್ತರ ಅಷ್ಟು ಸುಲಭವಲ್ಲ.

ಮಾರುವವರು ಸಾಮಾನ್ಯವಾಗಿ ಹೇಳುವ ಕಥೆ ಒಂದಿದೆ. 1876ರಲ್ಲಿ ಮೇಜಿ ಸರ್ಕಾರ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಸಾಮುರಾಯ್‌ಗಳಿಗೆ ಕತ್ತಿ ಮಾಡಿಕೊಡುತ್ತಿದ್ದ ಕಮ್ಮಾರರು ಹೊಟ್ಟೆಪಾಡಿಗೆ ಚಾಕು, ಕತ್ತರಿಗಳತ್ತ ತಿರುಗಿದರು. ಆದ್ದರಿಂದ ಪ್ರತಿ ಚಾಕುವಿನಲ್ಲೂ ಕತ್ತಿಯ ರಕ್ತ ಹರಿಯುತ್ತಿದೆ. ಇದು ಅರ್ಧ ಸತ್ಯ. ಗಿಫು ಪ್ರಾಂತದ ಸೆಕಿ ಪಟ್ಟಣದ ಮಟ್ಟಿಗೆ ಈ ಮಾತು ಹೊಂದುತ್ತದೆ, ಅದು ಹಿಂದಿನಿಂದಲೂ ಕತ್ತಿಗಳ ಊರು. ಆದರೆ ಒಸಾಕಾ ಪಕ್ಕದ ಸಾಕಾಯ್ ಹೆಸರು ಮಾಡಿದ್ದು ಹೊಗೆಸೊಪ್ಪಿನಿಂದ! 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ತಂಬಾಕು ಜಪಾನಿಗೆ ಬಂತು. ಅದನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಲು ಹರಿತವಾದ ಚಾಕು ಬೇಕಾಯಿತು. ಸಾಕಾಯ್‌ನ ತಂಬಾಕು ಚಾಕುಗಳಿಗೆ ತೊಕುಗಾವಾ ಆಡಳಿತ ತನ್ನ ಮುದ್ರೆಯನ್ನೇ ಕೊಟ್ಟಿತು. ನೀಗಾತಾ ಪ್ರಾಂತದ ಸಾಂಜೊದಲ್ಲಿ ಕಸುಬು ಶುರುವಾದದ್ದು ರೈತರು ಬಿಡುವಿನಲ್ಲಿ ಮಾಡುತ್ತಿದ್ದ ಮೊಳೆಗಳಿಂದ. ಎಚಿಜೆನ್ ಕಡೆಯವರು 1337ರಲ್ಲಿ ಕ್ಯೋತೊದಿಂದ ಬಂದ ಕತ್ತಿಯ ಕಮ್ಮಾರನೊಬ್ಬನನ್ನು ಮೂಲಪುರುಷನೆನ್ನುತ್ತಾರೆ. ಆದರೆ ಊರೂರಿಗೆ ಮಾರಾಟವಾಗಿ ಹೆಸರು ತಂದದ್ದು ಅವರ ಕುಡುಗೋಲು. ಸಾಮುರಾಯ್ ಎಂದರೆ ಬೆಲೆ ಏರುತ್ತದೆ, ಕುಡುಗೋಲು, ಮೊಳೆ ಎಂದರೆ ಏರುವುದಿಲ್ಲ. ವ್ಯಾಪಾರಿಗಳನ್ನು ಅದಕ್ಕಾಗಿ ಬೈಯಬೇಕಾಗಿಲ್ಲ.

ಈ ಚಾಕುಗಳ ವಿಶೇಷವೇನು? ಮೀನನ್ನು ಹಸಿಯಾಗಿ ತಿನ್ನುವ ನಾಡಿನಲ್ಲಿ ಹೆಚ್ಚುವುದೇ ಅಡುಗೆಯ ಬಹುಪಾಲು. ಮೊಂಡು ಅಲಗು ಮೀನಿನ ಎಳೆಗಳನ್ನು ಜಜ್ಜುತ್ತದೆ, ರಸ ಸೋರುತ್ತದೆ, ಹೋಳಿನ ಮೇಲ್ಮೈ ಮಂಕಾಗುತ್ತದೆ. ಆದ್ದರಿಂದ ‘ಯಾನಾಗಿಬಾ’, ಅಂದರೆ ವಿಲೋ ಎಲೆಯಂಥ ನೀಳ ಚಾಕು, ಸುಮಾರು 27ರಿಂದ 33 ಸೆಂಟಿಮೀಟರ್ ಉದ್ದವಿರುತ್ತದೆ. ಒಂದೇ ಎಳೆತಕ್ಕೆ ಹೋಳು ಬೇರಾಗಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸುವಂತಿಲ್ಲ. ಮೀನಿನ ತಲೆ ಬೇರ್ಪಡಿಸಲು ದಪ್ಪ ಬೆನ್ನಿನ ‘ದೇಬಾ’, ತರಕಾರಿಗೆ ‘ಉಸುಬಾ’. ಈ ಮೂರೂ ಒಂದೇ ಮಗ್ಗುಲಿಗೆ ಮಸೆದವು, ಇನ್ನೊಂದು ಮಗ್ಗುಲು ತುಸು ಒಳಬಾಗಿರುತ್ತದೆ. ಎಡಗೈಯವರಿಗೆ ಇವು ಒದಗುವುದಿಲ್ಲ. ಅವರು ಬೇರೆಯಾಗಿ ಹೇಳಿ ಮಾಡಿಸಬೇಕು, ಹೆಚ್ಚು ಹಣ ತೆರಬೇಕು.

ಉಕ್ಕಿನದು ಇನ್ನೊಂದು ಸ್ವಾರಸ್ಯ. ಶಿಮಾನೆ ಪ್ರಾಂತದ ಯಾಸುಗಿಯಲ್ಲಿ ತಯಾರಾಗುವ ಉಕ್ಕುಗಳಿಗೆ ‘ಬಿಳಿ ಕಾಗದ’, ‘ನೀಲಿ ಕಾಗದ’ ಎಂದು ಹೆಸರು. ಉಕ್ಕು ಬಿಳಿಯೂ ಅಲ್ಲ, ನೀಲಿಯೂ ಅಲ್ಲ. ಗುರುತಿಗಾಗಿ ಸುತ್ತುತ್ತಿದ್ದ ಕಾಗದದ ಬಣ್ಣ ಅದು. ಬಿಳಿಯದರಲ್ಲಿ ಹೆಚ್ಚುಕಡಿಮೆ ಕಬ್ಬಿಣ ಮತ್ತು ಶೇಕಡ ಒಂದಕ್ಕಿಂತ ತುಸು ಹೆಚ್ಚು ಇಂಗಾಲ ಮಾತ್ರ. ನೀಲಿಗೆ ಟಂಗ್‌ಸ್ಟನ್, ಕ್ರೋಮಿಯಂ ಬೆರೆಸುತ್ತಾರೆ. ಗಡಸುತನವನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಐರೋಪ್ಯ ಅಡುಗೆ ಚಾಕುಗಳು 55ರಿಂದ 58ರ ಆಸುಪಾಸಿನಲ್ಲಿದ್ದರೆ, ಇವು 60 ದಾಟುತ್ತವೆ. ಗಡಸಾದಷ್ಟೂ ಹರಿತ ನಿಲ್ಲುತ್ತದೆ, ಹಾಗೆಯೇ ಅಂಚು ಬೇಗ ಚಕ್ಕೆ ಏಳುತ್ತದೆ. ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ತೆಂಗಿನಕಾಯಿ ಒಡೆಯುವ ಕತ್ತಿಯಂತೆ ಇದನ್ನು ಬಳಸಿದವನ ಹಣ ಒಂದೇ ಏಟಿಗೆ ಹೋಯಿತೆಂದು ತಿಳಿಯಬೇಕು.

ಈಗ ಹೆಸರಿನ ಮಾತಿಗೆ ಬರೋಣ. ಸಾಕಾಯ್‌ನಲ್ಲಿ ಒಂದು ಚಾಕುವನ್ನು ಒಬ್ಬನೇ ಮಾಡುವುದಿಲ್ಲ. ಕಮ್ಮಾರ ಮೆತು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಕಾಯಿಸಿ ಬೆಸೆದು, ಬಡಿದು, ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ಹದಗೊಳಿಸುತ್ತಾನೆ. ಅವನ ಕೈಯಿಂದ ಹೊರಡುವುದು ಕಪ್ಪಗಿನ, ಮೊಂಡಾದ ಒಂದು ಪಟ್ಟಿ. ಅದು ಇನ್ನೊಂದು ಮನೆಗೆ, ಸಾಣೆಯವನ ಬಳಿಗೆ ಹೋಗುತ್ತದೆ. ಸೊಟ್ಟ ತೆಗೆದು, ಹಂತಹಂತವಾಗಿ ಮಸೆದು ಧಾರೆ ಬರಿಸುವವನು ಅವನು. ಮೂರನೆಯವನು ಮರದ ಹಿಡಿ ಕೂರಿಸುತ್ತಾನೆ. ಹಿಡಿ ಅಲಗನ್ನು ಸೇರುವಲ್ಲಿ ಎಮ್ಮೆಕೊಂಬಿನ ಪಟ್ಟಿ. ಇವರೆಲ್ಲರಿಗೂ ಕೆಲಸ ಹಂಚಿ, ಕೂಲಿ ಕೊಟ್ಟು, ಮಾಲು ಮಾರುವವನು ಸಗಟು ವ್ಯಾಪಾರಿ. ಅಲಗಿನ ಮೇಲೆ ಕೆತ್ತುವುದು ಅವನ ಅಂಗಡಿಯ ಹೆಸರನ್ನು. ಕಮ್ಮಾರ ಯಾರೆಂಬುದು ವ್ಯಾಪಾರದ ಗುಟ್ಟು. ಗಿರಾಕಿ ನೇರವಾಗಿ ಕುಲುಮೆಗೆ ಹೋದರೆ ಅಂಗಡಿಯ ಗತಿಯೇನು? ಜೀವಮಾನವಿಡೀ ಬೆಂಕಿಯ ಮುಂದೆ ಕುಳಿತವನ ಹೆಸರು ಅವನ ಬೀದಿಯಾಚೆಗೆ ತಿಳಿಯದೆ ಹೋಗುತ್ತಿತ್ತು. ಸಾಂಜೊದಲ್ಲಿ ಹಾಗಲ್ಲ, ಅಲ್ಲಿ ಹಲವು ಕಡೆ ಕಾಯಿಸುವುದರಿಂದ ಮಸೆಯುವವರೆಗೆ ಎಲ್ಲವೂ ಒಂದೇ ಸೂರಿನಡಿ. ಎಚಿಜೆನ್‌ನ ತಾಕೆಫುವಿನಲ್ಲಿ ಕೆಲವು ಕಮ್ಮಾರರು ಸಹಕಾರ ಪದ್ಧತಿಯಲ್ಲಿ ಒಟ್ಟಾಗಿ 1993ರಲ್ಲಿ ದೊಡ್ಡದೊಂದು ಕಾರ್ಯಾಗಾರ ತೆರೆದರು. ಬಂದವರು ನಿಂತು ಕೆಲಸ ನೋಡಬಹುದು.

ಸಂಗ್ರಾಹಕರ ಹಟ ಈ ಗುಟ್ಟನ್ನು ಒಡೆದದ್ದು ನಿಜವಾದ ಉಪಕಾರ. ಇಂದು ಅನೇಕ ಅಂಗಡಿಗಳು ಅಲಗನ್ನು ಬಡಿದವನು ಇಂಥವನು, ಮಸೆದವನು ಇಂಥವನು ಎಂದು ಇಬ್ಬರನ್ನೂ ಹೆಸರಿಸಿ ಮಾರುತ್ತವೆ. ಹೊರದೇಶದ ಬೇಡಿಕೆಯಿಂದ ಹಲವು ಕುಲುಮೆಗಳು ಉಸಿರಾಡುತ್ತಿವೆ, ಎಳೆಯರು ಮತ್ತೆ ಕಸುಬಿಗೆ ಬರುತ್ತಿದ್ದಾರೆ. ಆದರೆ ಬೇಡಿಕೆ ಯಾವುದನ್ನು ಬಯಸುತ್ತದೋ ಕುಲುಮೆ ಅದನ್ನೇ ಮಾಡಬೇಕಾಗುತ್ತದೆ ಎಂಬುದೂ ಇದೆ. ‘ಡಮಾಸ್ಕಸ್’ ಚಾಕುಗಳನ್ನೇ ನೋಡಿ.

ಅಲಗಿನ ಮೇಲೆ ನೀರಿನಲೆಯಂಥ ಗೆರೆಗಳಿರುವ ಈ ಚಾಕುಗಳು ಸಂಗ್ರಾಹಕರಿಗೆ ಪ್ರಿಯ. ಡಮಾಸ್ಕಸ್ ಕತ್ತಿಗಳ ಮೂಲ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗಿ ಗಟ್ಟಿಗಳಾಗಿ ಪಶ್ಚಿಮಕ್ಕೆ ಹೋಗುತ್ತಿತ್ತು. ಅದನ್ನು ಮಾಡುತ್ತಿದ್ದ ಸೀಮೆಗಳಲ್ಲಿ ಮೈಸೂರೂ ಒಂದು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅದನ್ನು ‘ವೂಟ್ಸ್’ ಎಂದು ಕರೆದ. ‘ಉಕ್ಕು’ ಎಂಬ ಪದವೇ ಹೀಗೆ ತಿರುಚಿಕೊಂಡಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಗೆರೆಗಳು ಅದರ ಒಳಗುಣದಿಂದ ಮೂಡಿದವು. ಜಪಾನೀ ಚಾಕುವಿನವು ಹಾಗಲ್ಲ. ಬೇರೆಬೇರೆ ಲೋಹದ ಪದರಗಳನ್ನು ಬೆಸೆದು ಹೊರಮೈಗೆ ಹೊದಿಸಿದ್ದರಿಂದ ಬಂದವು. ‘ಸುಮಿನಾಗಾಶಿ’, ನೀರಿನ ಮೇಲೆ ತೇಲಿಬಿಟ್ಟ ಮಸಿ ಎಂಬುದು ಅದಕ್ಕೆ ಅವರದೇ ಒಪ್ಪವಾದ ಹೆಸರು. ಕತ್ತರಿಸುವ ಅಂಚಿನಲ್ಲಿರುವುದು ನಡುವಿನ ಗಟ್ಟಿ ಉಕ್ಕು ಮಾತ್ರ. ಚಂದಕ್ಕೆ ಹಣ ಕೊಡುವುದು ತಪ್ಪಲ್ಲ, ಆದರೆ ಚಂದಕ್ಕೆ ಎಂದು ತಿಳಿದು ಕೊಡಬೇಕು.

ಅತ್ಯಂತ ದುಬಾರಿಯಾದದ್ದು ‘ಹೋನ್‌ಯಾಕಿ’. ಇಡೀ ಅಲಗು ಒಂದೇ ಉಕ್ಕು. ಬೆನ್ನಿಗೆ ಜೇಡಿ ಮೆತ್ತಿ, ಕೆಂಪಗೆ ಕಾಯಿಸಿ ಅದ್ದುತ್ತಾರೆ. ಎಷ್ಟೋ ಅಲಗುಗಳು ಆ ಕ್ಷಣದಲ್ಲೇ ಸೀಳಿಹೋಗುತ್ತವೆ. ಉಳಿದವುಗಳ ಬೆಲೆ ಲಕ್ಷ ರೂಪಾಯಿ ದಾಟುವುದುಂಟು. ಸಂಗ್ರಾಹಕನ ಸಂಕಟ ಇಲ್ಲಿ ಕಾಣುತ್ತದೆ. ಬಳಸಿದರೆ ಮಸೆಯಬೇಕು, ಮಸೆದರೆ ಸವೆಯುತ್ತದೆ. ಸುಶಿ ಅಂಗಡಿಯ ಬಾಣಸಿಗ ಹತ್ತಾರು ವರ್ಷ ಮಸೆದ ಯಾನಾಗಿಬಾ ಮೊದಲಿನ ಅಗಲ, ಉದ್ದ ಎರಡನ್ನೂ ಕಳೆದುಕೊಂಡು ಕಡ್ಡಿಯಂತಾಗಿರುತ್ತದೆ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಪೆಟ್ಟಿಗೆಯಿಂದ ಹೊರಬಾರದ ಚಾಕುವಿಗೆ ಬೆಲೆಯಿದೆ. ಸಾಣೆಯವನ ಕೆಲಸ ಎಂಥದೆಂಬುದು ಮಾತ್ರ ಅದರ ಒಡೆಯನಿಗೆ ಎಂದೂ ತಿಳಿಯದು, ಏಕೆಂದರೆ ಅದು ತಿಳಿಯುವುದು ಮೀನಿನ ಹೋಳಿನ ಮೇಲೆ. ಈಚೆಗೆ ಸಾಣೆಕಲ್ಲುಗಳೂ ಸಂಗ್ರಹದ ವಸ್ತುಗಳಾಗಿವೆ. ಕ್ಯೋತೊ ಸುತ್ತಲಿನ ಬೆಟ್ಟಗಳಿಂದ ತೆಗೆಯುತ್ತಿದ್ದ ನಯವಾದ ನೈಸರ್ಗಿಕ ಕಲ್ಲುಗಳ ಗಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಚಾಕು ಬೇಕಾದರೆ ಹೊಸದಾಗಿ ಮಾಡಬಹುದು, ಆ ಕಲ್ಲನ್ನು ಮಾಡಲಾಗದು.

ಸವೆದುಹೋದ ಚಾಕುಗಳಿಗೂ ಜಪಾನಿನಲ್ಲಿ ಒಂದು ನೆಲೆಯಿದೆ. ತೋಕಿಯೊದ ಉಯೆನೊ ಉದ್ಯಾನದ ಶಿನೊಬಾಜು ಕೊಳದ ನಡುವೆ ಬೆಂತೆನ್ ದೇವಿಯ ಗುಡಿ. ಬೆಂತೆನ್ ಎಂದರೆ ಬೌದ್ಧಧರ್ಮದ ಜತೆಯಲ್ಲಿ ಪೂರ್ವಕ್ಕೆ ಹೋದ ಸರಸ್ವತಿಯೇ. ಆ ಆವರಣದಲ್ಲಿ ‘ಹೋಚೊ-ಜುಕಾ’ ಎಂಬ ಕಲ್ಲು ನಿಂತಿದೆ, ಅಡುಗೆಮನೆಯ ಚಾಕುಗಳ ಸ್ಮರಣೆಗಾಗಿ. ಹತ್ತಿರದಲ್ಲೇ ಫುಗು ಎಂಬ ವಿಷದ ಮೀನಿಗೆ ಒಂದು ಸ್ಮಾರಕ, ಹಳೆಯ ಕನ್ನಡಕಗಳಿಗೂ ಒಂದು.